ಹೆಡ್‌ಫೋನ್ ಬದಲಿಸುವ ಮುನ್ನ



ಪರಿಸರ ಚಳವಳಿಯ ವೇದಿಕೆಯಲ್ಲಿ ಅಣೆಕಟ್ಟು, ಗಣಿ, ನೆಡುತೋಪು, ಹೆದ್ದಾರಿಗಳ ಮಾತು ಬರುವುದು ರೂಢಿ. ಅಲ್ಲಿ ಹೆಡ್‌ಫೋನಿನ ಮಾತು ಬಂದರೆ ಕೆಲವರಿಗಾದರೂ ಅಚ್ಚರಿಯಾಗುವುದು ಸಹಜ. ಇದು ಪೇಟೆಯವರ ಷೋಕಿಯ ವಸ್ತು, ಇದಕ್ಕೂ ಗುಡ್ಡಗಾಡಿನ ಬದುಕಿಗೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಆದರೆ ಮಲೆನಾಡಿನ ಯಾವುದೇ ಕಾಲೇಜಿಗೆ ಹೋಗುವ ಬಸ್ಸನ್ನು ಹತ್ತಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಹುಡುಗ ಹುಡುಗಿಯರ ಕಿವಿಯಲ್ಲಿ ಅದು ಇರುತ್ತದೆ. ಇರುವುದನ್ನು ಬಿಟ್ಟು ಇನ್ನೂ ದುಬಾರಿಯಾದುದನ್ನು ಕೊಳ್ಳಬೇಕೆ ಎಂಬ ಪ್ರಶ್ನೆ ಅವರಲ್ಲಿ ಹಲವರ ಮನಸ್ಸಿನಲ್ಲಿರುತ್ತದೆ. ಪ್ರಶ್ನೆ ಚಿಕ್ಕದಾಗಿ ಕಂಡರೂ ಅದನ್ನು ಕೊನೆಯವರೆಗೆ ಬೆನ್ನಟ್ಟಿದರೆ ಅದು ನೆಲಕ್ಕೆ, ಕಲ್ಲಿಗೆ, ಊರಿನ ನಿದ್ದೆಗೆ ಬಂದು ಮುಟ್ಟುತ್ತದೆ.

ಈ ವಿಚಾರವನ್ನು ಬಯಲುಸೀಮೆಯ ಒಂದು ಊರಿನಲ್ಲಿ ನಿಲ್ಲಿಸಿ ನೋಡುವುದು ಹೆಚ್ಚು ಉಪಯುಕ್ತ. ಆ ಊರು ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಕೋಡ್ಲಾ. ಮಲೆನಾಡಿನವರು ಅಷ್ಟು ದೂರದ ಊರಿನ ಚಿಂತೆಯನ್ನು ಏಕೆ ಮಾಡಬೇಕೆಂಬ ಪ್ರಶ್ನೆಗೆ ಉತ್ತರ ಪ್ರತಿಯೊಬ್ಬರ ಮನೆಯ ಗೋಡೆಯಲ್ಲೇ ಇದೆ. ಗುಡ್ಡದ ಮೇಲೆ ಏಳುತ್ತಿರುವ ತಾರಸಿ ಮನೆ, ಅತಿಥಿಗೃಹ, ಹಳ್ಳಕ್ಕೆ ಹಾಕಿದ ಕಟ್ಟೆ, ಘಾಟಿಯ ಅಂಚಿನ ತಡೆಗೋಡೆ ಇವೆಲ್ಲಕ್ಕೂ ಬೇಕಾಗುವುದು ಸಿಮೆಂಟು. ಅದಕ್ಕೆ ಬೇಕಾದ ಸುಣ್ಣಕಲ್ಲು ಹೇರಳವಾಗಿ ದೊರೆಯುವ ಪ್ರದೇಶಗಳಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸೀಮೆ ಪ್ರಮುಖವಾದುದು.

ಕಲ್ಲಿನ ಸೀಮೆ

ಇದು ಇತಿಹಾಸ ಬಲ್ಲವರಿಗೆ ಅಪರಿಚಿತವಾದ ಸೀಮೆಯಲ್ಲ. ಕಾಗಿಣಾ ನದಿಯ ದಡದ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಶ್ರೀವಿಜಯನು ‘ಕವಿರಾಜಮಾರ್ಗ’ವನ್ನು ರಚಿಸಿದ. ಕನ್ನಡ ಜನರನ್ನು ಹೊಗಳುವಾಗ ಆ ಗ್ರಂಥವು ಅವರು ಹದವರಿತು ಮಾತನಾಡಬಲ್ಲರೆಂದು ಹೇಳಿ ನಿಲ್ಲುವುದಿಲ್ಲ. ಪರರು ಆಡಿದುದನ್ನು ಅರಿತು ವಿವೇಚಿಸಬಲ್ಲರೆಂದೂ ಹೇಳುತ್ತದೆ. ಬಲ್ಲ ಕಿವಿಯನ್ನು ಒಂದು ನಾಡಿನ ಗುಣವೆಂದು ಎತ್ತಿ ಹೇಳಿದ ಕೃತಿಯು ಈ ಸೀಮೆಯಿಂದಲೇ ಬಂದಿತೆಂಬುದು ನೆನಪಿನಲ್ಲಿರಬೇಕಾದ ಸಂಗತಿ. ಈಚಿನ ಕಾಲಕ್ಕೆ ಬಂದರೂ ಕೇಳುವ ಪರಂಪರೆ ಇಲ್ಲಿ ತುಂಡಾಗಿಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ ಹಿಡಿದು ರಾತ್ರಿಯೆಲ್ಲ ಹಾಡುವ ಭಜನಾ ಮೇಳಗಳು ಇಂದಿಗೂ ಇವೆ. 1966ರಲ್ಲಿ ಆರಂಭವಾದ ಕಲಬುರಗಿಯ ಆಕಾಶವಾಣಿ ಕೇಂದ್ರವು ಈ ಭಾಗದ ಹಾಡುಗಾರಿಕೆಯನ್ನು ಮನೆಮನೆಗೆ ಮುಟ್ಟಿಸಿತು.

ಅದೇ ನೆಲದ ಅಡಿಯಲ್ಲಿ ಪದರಪದರವಾಗಿ ಸುಣ್ಣಕಲ್ಲು ಇದೆ. ಶಹಾಬಾದ್ ಕಲ್ಲೆಂದು ದೇಶವೆಲ್ಲ ಬಲ್ಲ, ಊರವರು ಫರಶಿ ಎಂದು ಕರೆಯುವ ಹಾಸುಗಲ್ಲು ಅದರದೇ ಒಂದು ರೂಪ. ವಾಡಿಯಲ್ಲಿ 1968ರಿಂದ, ಸೇಡಂನಲ್ಲಿ 1980ರ ದಶಕದಿಂದ ಸಿಮೆಂಟ್ ತಯಾರಿಕೆ ನಡೆದಿದೆ. 2010ರ ದಶಕದಲ್ಲಿ ಕೋಡ್ಲಾದ ಬಳಿಯೂ ಬೃಹತ್ ಘಟಕ ಬಂದಿತು. ಉದ್ಯೋಗ, ರಸ್ತೆ, ರೈಲು ಇವು ಅದರ ಜೊತೆಗೆ ಬಂದ ಲಾಭಗಳು; ಅವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಲಾಭದ ಲೆಕ್ಕದಲ್ಲಿ ಸೇರದೆ ಉಳಿಯುವ ಒಂದು ವಸ್ತುವಿದೆ, ಅದು ಶಬ್ದ.

ಸಿಮೆಂಟ್ ತಯಾರಿಕೆಯು ಸ್ವಭಾವತಃ ಸದ್ದಿನ ಉದ್ಯಮ. ಕಲ್ಲುಗಣಿಯಲ್ಲಿ ರಂಧ್ರ ಕೊರೆದು ಸಿಡಿಮದ್ದು ಇಡುತ್ತಾರೆ. ಒಡೆದ ಕಲ್ಲನ್ನು ಜಲ್ಲಿಯಂತ್ರಕ್ಕೆ, ಬಳಿಕ ಬೀಸುವ ಗಿರಣಿಗೆ ಹಾಕುತ್ತಾರೆ. ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದ ತಿರುಗುಗೂಡಿನಲ್ಲಿ ಅದು ಸುಟ್ಟು ಕ್ಲಿಂಕರ್ ಆಗುತ್ತದೆ. ಈ ಗೂಡನ್ನು ಸಂಜೆ ಆರಿಸಿ ಬೆಳಗ್ಗೆ ಹೊತ್ತಿಸುವಂತಿಲ್ಲ. ಅದು ವಾರಗಟ್ಟಲೆ, ತಿಂಗಳುಗಟ್ಟಲೆ ಹಗಲಿರುಳು ಉರಿಯಬೇಕು, ಅದರೊಂದಿಗೆ ಬೃಹತ್ ಗಾಳಿಯಂತ್ರಗಳೂ ತಿರುಗುತ್ತಿರಬೇಕು. ಆಮೇಲೆ ಲಾರಿ, ಟಿಪ್ಪರ್, ರೈಲು ವ್ಯಾಗನ್ನುಗಳ ಓಡಾಟ. ಇಂಥ ಸೀಮೆಯಲ್ಲಿ ಸದ್ದು ಆಗಾಗ ಬಂದು ಹೋಗುವ ಅತಿಥಿಯಾಗಿ ಉಳಿಯದೆ ಮನೆಯ ಒಕ್ಕಲಿನಂತೆ ನೆಲೆ ನಿಲ್ಲುತ್ತದೆ.

ಇಂಥ ಊರಿನ ಒಬ್ಬ ವಿದ್ಯಾರ್ಥಿನಿಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಸೇಡಂಗೆ ಬಸ್ಸಿನಲ್ಲಿ ಹೋಗಿ ಪದವಿ ಓದುತ್ತಾಳೆ, ಸಂಜೆ ಮಕ್ಕಳಿಗೆ ಪಾಠ ಹೇಳಿ ನಾಲ್ಕು ಕಾಸು ಕೂಡಿಸುತ್ತಾಳೆ. ಮಲ್ಲಿಕಾರ್ಜುನ ಮನ್ಸೂರರ ಗಾಯನವೆಂದರೆ ಪ್ರಾಣ. ಅವಳ ಬಳಿ ಒಂದೂವರೆ ಸಾವಿರ ರೂಪಾಯಿಯ ಹೆಡ್‌ಫೋನ್ ಇದೆ. ಇಪ್ಪತ್ತೈದು ಸಾವಿರದ್ದನ್ನು ಕೊಂಡರೆ ತಂಬೂರಿಯ ಜೀವಾಳ, ಗಾಯಕರ ಉಸಿರು, ಬೆರಳು ತಂತಿಗೆ ತಾಗುವ ಸದ್ದು ಎಲ್ಲ ಕೇಳಿಸುತ್ತದೆಂದು ಓದಿದ್ದಾಳೆ. ಕೊಳ್ಳಬೇಕೆ, ಬೇಡವೆ?

ಚಳವಳಿಯ ಜನ ಇಲ್ಲಿ ಒಂದು ಅವಸರ ಮಾಡುತ್ತಾರೆ. ‘ಕೊಳ್ಳುಬಾಕ ಸಂಸ್ಕೃತಿ’ ಎಂಬ ಪದ ನಾಲಗೆಯ ತುದಿಯಲ್ಲೇ ಇರುತ್ತದೆ. ಆದರೆ ಆಕೆಗೆ ಬೇಕಾಗಿರುವುದು ಆಡಂಬರವಲ್ಲ, ತಾನು ಪ್ರೀತಿಸುವ ಸ್ವರವನ್ನು ಚೆನ್ನಾಗಿ ಕೇಳುವ ಸುಖ. ಆ ಸುಖವನ್ನು ಬಯಸುವುದು ತಪ್ಪೆಂದು ಬೋಧಿಸುವುದು ಸುಲಭ. ಆ ಸುಖಕ್ಕೆ ಅಡ್ಡಿಯಾಗಿರುವುದು ಯಾವುದೆಂದು ಪರಿಶೀಲಿಸುವುದು ಕಷ್ಟ. ಎರಡನೆಯದೇ ಪ್ರಯೋಜನಕಾರಿ.

ಹಣ ಏನನ್ನು ಕೊಡುತ್ತದೆ?

ಹೆಡ್‌ಫೋನಿನ ಚರಿತ್ರೆ ನೂರು ವರ್ಷ ಮೀರಿದ್ದು. 1910ರಲ್ಲಿ ಅಮೆರಿಕದ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್‌ವಿನ್ ಎಂಬಾತ ತನ್ನ ಅಡಿಗೆಮನೆಯಲ್ಲಿ ಮಾಡಿದ ಜೋಡಿ ಕಿವಿಯಂತ್ರಗಳನ್ನು ಆ ದೇಶದ ನೌಕಾಪಡೆ ಕೊಂಡಿತು. ಅವು ನಿಸ್ತಂತು ಸಂದೇಶ ಕೇಳುವುದಕ್ಕಾಗಿ. ಸಂಗೀತಕ್ಕೆಂದೇ ಸ್ಟೀರಿಯೊ ಹೆಡ್‌ಫೋನ್ ಬಂದುದು 1958ರಲ್ಲಿ, ಜಾನ್ ಕಾಸ್ ಅವರಿಂದ. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯು ಹೊರಬದಿ ತೆರೆದಿರುವ ಮಾದರಿಯನ್ನು ತಂದಿತು. 1979ರಲ್ಲಿ ಸೋನಿ ಕಂಪನಿಯ ವಾಕ್‌ಮನ್ ಅದನ್ನು ಬೀದಿಗೆ ತಂದಿತು. ಯಂತ್ರದ ತತ್ವ ಮಾತ್ರ ಬಹುಮಟ್ಟಿಗೆ ಹಳೆಯದೇ. ಅಯಸ್ಕಾಂತದ ನಡುವೆ ತಂತಿಯ ಸುರುಳಿ ಕಂಪಿಸುತ್ತದೆ, ಅದಕ್ಕೆ ಅಂಟಿದ ತೆಳುಪೊರೆ ಗಾಳಿಯನ್ನು ಅಲುಗಿಸುತ್ತದೆ.

ಬೆಲೆ ಏರಿದಂತೆ ಧ್ವನಿಯೂ ಏರುತ್ತದೆಯೆ? 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳ ಅಳತೆಗಳನ್ನು ಪರಿಶೀಲಿಸಿದರು. ಮಂದ್ರದಿಂದ ತಾರದವರೆಗೆ ಯಾವ ಸ್ವರವನ್ನು ಎಷ್ಟು ಬಲವಾಗಿ ನುಡಿಸುತ್ತದೆ ಎಂಬ ಗುಣಕ್ಕೂ ಅಂಗಡಿಯ ಬೆಲೆಗೂ ಸಂಬಂಧವೇ ಕಾಣಲಿಲ್ಲ. ಅದಕ್ಕೆ ಹತ್ತು ವರ್ಷ ಮುಂಚೆ, 2007ರಲ್ಲಿ, ಮೇಯರ್ ಮತ್ತು ಮೊರಾನ್ ಎಂಬುವರು ಇನ್ನೊಂದು ಪರೀಕ್ಷೆಯನ್ನು ಪ್ರಕಟಿಸಿದ್ದರು. ಉನ್ನತ ದರ್ಜೆಯ ಧ್ವನಿಮುದ್ರಿಕೆಯನ್ನೂ ಅದನ್ನೇ ಸಾಮಾನ್ಯ ಸಿ.ಡಿ.ಯ ಮಟ್ಟಕ್ಕೆ ಇಳಿಸಿದುದನ್ನೂ ಕೇಳುಗರಿಗೆ ಯಾವುದೆಂದು ಹೇಳದೆ ಕೇಳಿಸಲಾಯಿತು. 554 ಸಲದ ಪರೀಕ್ಷೆಯಲ್ಲಿ ಸರಿಯುತ್ತರ ಬಂದುದು 276 ಸಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ಇದರಿಂದ ಎಲ್ಲ ಹೆಡ್‌ಫೋನುಗಳೂ ಒಂದೇ ಎಂದು ಭಾವಿಸಬಾರದು. ಮುನ್ನೂರು ರೂಪಾಯಿಯ ಕಳಪೆ ಯಂತ್ರಕ್ಕೂ ಚೆನ್ನಾಗಿ ಮಾಡಿದ ಎರಡು ಮೂರು ಸಾವಿರದ ಯಂತ್ರಕ್ಕೂ ಅಂತರ ಎದ್ದು ಕಾಣುತ್ತದೆ. ಅಲ್ಲಿಂದ ಮುಂದೆ ಹಣ ತರುವ ಲಾಭ ಕಿರಿದಾಗುತ್ತ ಹೋಗುತ್ತದೆ. ಕಿವಿಗೆ ಹಿತವಾದ ಮೆತ್ತೆ, ಬಾಳಿಕೆ, ಬಿಚ್ಚಿ ಜೋಡಿಸಬಹುದಾದ ಬಿಡಿಭಾಗ, ಸ್ವಲ್ಪ ಕಡಮೆ ವಿಕೃತಿ ಇವು ದೊರೆಯಬಹುದು. ಅದೂ ಖಚಿತವಲ್ಲ, ಯಂತ್ರ ಯಂತ್ರವನ್ನೇ ಕೇಳಿ ನೋಡಬೇಕು. ಬೆಲೆಚೀಟಿಯನ್ನು ಓದಿ ಧ್ವನಿಯನ್ನು ತಿಳಿಯಲಾಗದು.

ಮೂಲ ಧ್ವನಿಮುದ್ರಣದ ಮಿತಿಯೂ ಒಂದಿದೆ. ಮನ್ಸೂರರ ಆರಂಭದ ಧ್ವನಿಮುದ್ರಿಕೆಗಳು ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಗಳು. ಮೂರು, ಮೂರೂವರೆ ನಿಮಿಷದಲ್ಲಿ ಒಂದು ರಾಗ ಮುಗಿಯಬೇಕು. ಉಚ್ಚ ಸ್ವರಗಳ ಬಹುಪಾಲು ತಟ್ಟೆಯಲ್ಲಿ ಇಳಿಯಲೇ ಇಲ್ಲ. ಇಳಿಯದೆ ಹೋದುದನ್ನು ಯಾವ ಹೆಡ್‌ಫೋನೂ ಮರಳಿ ತರಲಾರದು, ಅದು ತಟ್ಟೆಯ ಕರಕರ ಸದ್ದನ್ನು ಇನ್ನಷ್ಟು ಸ್ಪಷ್ಟವಾಗಿ ಕೇಳಿಸೀತು. ಅತಿಯಾಗಿ ಕುಗ್ಗಿಸಿದ ಕಡತವನ್ನು ಬಿಟ್ಟು ಅದೇ ಗಾಯನದ ಉತ್ತಮ ಪ್ರತಿಯನ್ನು ಹುಡುಕಿದರೆ ಖರ್ಚಿಲ್ಲದೆ ದೊರೆಯುವ ಸುಧಾರಣೆ ಅನೇಕ ಸಲ ಹೊಸ ಯಂತ್ರಕ್ಕಿಂತ ದೊಡ್ಡದು.

ನಿಶ್ಶಬ್ದವನ್ನು ಕೇಳುವ ಯಂತ್ರ

ಮುಖ್ಯವಾದ ಮಾತು ಇನ್ನೂ ಮುಂದಿದೆ. ಧ್ವನಿರಸಿಕರು ಮೆಚ್ಚುವ ದುಬಾರಿ ಹೆಡ್‌ಫೋನುಗಳಲ್ಲಿ ಬಹಳಷ್ಟು ಹೊರಬದಿ ತೆರೆದಂಥವು. ಒಳಗಿನ ಗಾಳಿ ಸರಾಗವಾಗಿ ಹೊರಹೋಗುವುದರಿಂದ ಧ್ವನಿ ಪೆಟ್ಟಿಗೆಯಲ್ಲಿ ಕೂಡಿಟ್ಟಂತಾಗದೆ ವಿಶಾಲವಾಗಿ ಹರಡಿದಂತೆ ಕೇಳುತ್ತದೆ. ಒಳಗಿನದು ಹೊರಹೋಗುವ ದಾರಿಯಲ್ಲೇ ಹೊರಗಿನದು ಒಳಬರುತ್ತದೆ. ಇಂಥ ಯಂತ್ರವು ಹೊರಗಿನ ಸದ್ದನ್ನು ತಡೆಯುವುದೇ ಇಲ್ಲ. ತಂಬೂರಿಯ ಜೀವಾಳವನ್ನು ಕೇಳಿಸುವ ಯೋಗ್ಯತೆ ಅದಕ್ಕಿದ್ದರೂ ಅದೇ ಹೊತ್ತಿಗೆ ದಾರಿಯಲ್ಲಿ ಟಿಪ್ಪರ್ ಹೋದರೆ ಕೇಳುವುದು ಟಿಪ್ಪರ್ ಮಾತ್ರ. ಅಂದರೆ ಇಪ್ಪತ್ತೈದು ಸಾವಿರದ ಆ ಯಂತ್ರವು ನಿಶ್ಶಬ್ದವನ್ನು ತಂದುಕೊಡುವುದಿಲ್ಲ. ನಿಶ್ಶಬ್ದವನ್ನು ತನಗೆ ಮೊದಲು ಒದಗಿಸಿಕೊಡೆಂದು ಕೇಳುತ್ತದೆ. ಜರ್ಮನಿಯ ಹಿಮಾವೃತ ಹಳ್ಳಿಯಲ್ಲಿ, ಇಮ್ಮಡಿ ಗಾಜಿನ ಕಿಟಕಿಯೊಳಗೆ ಕುಳಿತವರಿಗೆ ಅದು ಸಲ್ಲುತ್ತದೆ. ಗಣಿಯ ನೆರೆಯ ಮಾಳಿಗೆ ಮನೆಯಲ್ಲಿ, ಸೆಕೆಗೆ ಕಿಟಕಿ ತೆರೆದು ಕುಳಿತವಳಿಗೆ ಅದರ ಅರ್ಧ ಗುಣವೂ ದಕ್ಕುವುದಿಲ್ಲ.

ಹಾಗಾದರೆ ಸದ್ದನ್ನು ಅಳಿಸುವ ಹೆಡ್‌ಫೋನ್ ಕೊಳ್ಳಬಾರದೇಕೆ ಎಂದು ಕೇಳಬಹುದು. ಬಂಗಾಳದ ಕ್ರಾಂತಿಕಾರಿಯೊಬ್ಬರ ಮಗ, ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿದ್ದ ಅಮರ್ ಬೋಸ್ ಅವರಿಗೆ 1978ರಲ್ಲಿ ವಿಮಾನಯಾನದ ನಡುವೆ ಈ ವಿಚಾರ ಹೊಳೆಯಿತು. 1989ರಲ್ಲಿ ಅವರ ಸಂಸ್ಥೆ ವೈಮಾನಿಕರಿಗಾಗಿ ಅದನ್ನು ಮಾರುಕಟ್ಟೆಗೆ ತಂದಿತು. ಯಂತ್ರದ ಮೈಕು ಹೊರಗಿನ ಸದ್ದನ್ನು ಗ್ರಹಿಸುತ್ತದೆ, ಅದಕ್ಕೆ ತಿರುಗುಮುರುಗಾದ ಅಲೆಯನ್ನು ಒಳಗೆ ಹುಟ್ಟಿಸುತ್ತದೆ. ಎರಡೂ ಒಂದನ್ನೊಂದು ಅಳಿಸುತ್ತವೆ. ವಿಮಾನದ ಗುಂಯ್‌ಗುಡುವಿಕೆ, ಬಸ್ಸಿನ ಎಂಜಿನ್, ದೂರದ ಗಾಳಿಯಂತ್ರ ಮುಂತಾದ ಏಕಪ್ರಕಾರದ ಮಂದ್ರ ಸದ್ದಿಗೆ ಇದು ಚೆನ್ನಾಗಿ ಸಲ್ಲುತ್ತದೆ. ತಟ್ಟನೆ ಸಿಡಿಯುವ ಸ್ಫೋಟಕ್ಕೆ, ಕರ್ಕಶ ಹಾರನ್ನಿಗೆ, ಕಲ್ಲು ಕೊಯ್ಯುವ ಗರಗಸದ ಕೀರಲಿಗೆ ಅಷ್ಟಾಗಿ ಸಲ್ಲದು. ಬಸ್ಸಿನಲ್ಲಿ ದಿನವೂ ಓಡಾಡುವವಳಿಗೆ ಇದರಿಂದ ನಿಜವಾದ ಉಪಕಾರವುಂಟು. ಆದರೆ ಅದರ ನಿಶ್ಶಬ್ದ ಒಂದೇ ತಲೆಗೆ ಸೇರಿದ್ದು. ಪಕ್ಕದಲ್ಲಿ ಮಲಗಿದ ಅಜ್ಜಿಗೆ, ತೊಟ್ಟಿಲಿನ ಕೂಸಿಗೆ, ರಾತ್ರಿಪಾಳಿ ಮುಗಿಸಿ ಹಗಲು ನಿದ್ದೆಗೆ ಹೊರಳಾಡುವ ಅಣ್ಣನಿಗೆ ಅದು ದಕ್ಕುವುದಿಲ್ಲ. ರಸ್ತೆ ದಾಟುವಾಗಲಂತೂ ಅದು ಅಪಾಯಕಾರಿ.

ಕಿವಿಯ ಲೆಕ್ಕ

ಸದ್ದಿನ ನಡುವೆ ಸಂಗೀತ ಕೇಳುವವರು ಅರಿಯದೆ ಮಾಡುವ ಒಂದು ಕೆಲಸವಿದೆ, ಧ್ವನಿಯನ್ನು ಏರಿಸುವುದು. ಹೊರಗಿನ ಸದ್ದು ಏರಿದಷ್ಟೂ ಒಳಗಿನದನ್ನೂ ಏರಿಸದೆ ಹಾಡು ಕೇಳಿಸದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2018ರಲ್ಲಿ ನಿಗದಿಪಡಿಸಿದ ಮಾನದಂಡದಂತೆ ವಯಸ್ಕರು 80 ಡೆಸಿಬೆಲ್ ಧ್ವನಿಯನ್ನು ವಾರಕ್ಕೆ 40 ಗಂಟೆಗಳವರೆಗೆ ಕೇಳಬಹುದು. ಮಕ್ಕಳಿಗೆ ಆ ಮಿತಿ 75 ಡೆಸಿಬೆಲ್. ಡೆಸಿಬೆಲ್ಲಿನ ಲೆಕ್ಕ ಸಾಮಾನ್ಯ ಕೂಡುವ ಲೆಕ್ಕವಲ್ಲ. 3 ಡೆಸಿಬೆಲ್ ಏರಿದರೆ ಧ್ವನಿಯ ಶಕ್ತಿ ಎರಡರಷ್ಟಾಗುತ್ತದೆ, ಕೇಳಬಹುದಾದ ಅವಧಿ ಅರ್ಧವಾಗುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5, 92ಕ್ಕೆ ಎರಡೂವರೆ ಗಂಟೆ. 95 ಡೆಸಿಬೆಲ್ಲಿನಲ್ಲಿ ಇಡೀ ವಾರಕ್ಕೆ ಸಿಗುವುದು ಒಂದೂಕಾಲು ಗಂಟೆ. ದಿನಕ್ಕೆ ಎರಡು ಸಲ ಬಸ್ಸಿನಲ್ಲಿ ಧ್ವನಿ ಏರಿಸಿ ಕೇಳುವವರು ಆ ಪಾಲನ್ನು ಬುಧವಾರದೊಳಗೇ ಮುಗಿಸಿಬಿಡಬಹುದು.

ಒಳಗಿವಿಯ ಶಂಖದಲ್ಲಿ ಧ್ವನಿಯನ್ನು ಗ್ರಹಿಸುವ ರೋಮಕೋಶಗಳು ಹುಟ್ಟುವಾಗ ಸುಮಾರು 15,000 ಇರುತ್ತವೆ. ಸತ್ತುಹೋದ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಉಚ್ಚ ಸ್ವರಗಳನ್ನು ಹಿಡಿಯುವ ಕೋಶಗಳು. ತಂಬೂರಿಯ ಜೀವಾಳದ ಸೂಕ್ಷ್ಮ ಮಿನುಗನ್ನು, ಹಕ್ಕಿಯ ತೆಳುದನಿಯನ್ನು, ಮಾತಿನಲ್ಲಿ ‘ಸ’ಕಾರ ‘ಷ’ಕಾರಗಳ ಭೇದವನ್ನು ತಿಳಿಸುವವು ಅವೇ. ಇಪ್ಪತ್ತೈದು ಸಾವಿರ ಕೊಟ್ಟು ಕೊಂಡ ಯಂತ್ರ ನುಡಿಸುವ ಸೂಕ್ಷ್ಮಗಳನ್ನು ಕೇಳಬೇಕಾದ ಕಿವಿಯೇ ಸವೆದಿದ್ದರೆ ಹಣ ಯಾರಿಗೆ ಸಂದಂತಾಯಿತು? ಯಂತ್ರ ಕೆಟ್ಟರೆ ಪೇಟೆಯಲ್ಲಿ ಇನ್ನೊಂದು ಸಿಗುತ್ತದೆ. ಕಿವಿಗೆ ಅಂಥ ಪೇಟೆಯಿಲ್ಲ.

ವಸ್ತುವಿನ ಹಿಂದಿನ ನೆಲ

ಕೋಡ್ಲಾದ ನೆಲ ಸಿಮೆಂಟಾಗಿ ಮಲೆನಾಡಿಗೆ ಬಂದಂತೆ, ಹೆಡ್‌ಫೋನ್ ಕೂಡ ಯಾವುದೋ ನೆಲದಿಂದ ಬರುತ್ತದೆ. ಅದರ ಪುಟ್ಟ ಬಲಶಾಲಿ ಅಯಸ್ಕಾಂತದಲ್ಲಿ ಸಾಮಾನ್ಯವಾಗಿ ಇರುವುದು ನಿಯೋಡಿಮಿಯಂ ಎಂಬ ವಿರಳ ಭಸ್ಮ ಲೋಹ. ಅದರ ಗಣಿಗಾರಿಕೆಯಲ್ಲಿ ಚೀನಾ ಮುಂದಿದೆ. ಒಳ ಮಂಗೋಲಿಯಾದ ಬಯಾನ್ ಓಬೊ ಅದಕ್ಕೆ ಹೆಸರಾದ ಗಣಿ. ತಂತಿಯಿಲ್ಲದ ಮಾದರಿಗಳಲ್ಲಿ ಲಿಥಿಯಂ ಬ್ಯಾಟರಿಯೂ ಸೇರುತ್ತದೆ. ಪ್ರತಿ ಸಲ ತುಂಬಿ ಬರಿದಾಗುವಾಗಲೂ ಬ್ಯಾಟರಿ ಇಷ್ಟಿಷ್ಟು ಸವೆಯುತ್ತದೆ. ಕಿವಿಯೊಳಗೆ ಇಡುವ ಚಿಕ್ಕ ಮಾದರಿಗಳಲ್ಲಿ ಅದನ್ನು ಬದಲಿಸುವುದು ಬಹುಮಟ್ಟಿಗೆ ಅಸಾಧ್ಯ. ಪೊರೆ, ಅಯಸ್ಕಾಂತ, ತಂತಿ ಎಲ್ಲ ನೆಟ್ಟಗಿದ್ದರೂ ಬ್ಯಾಟರಿ ಸತ್ತಿತೆಂಬ ಒಂದೇ ಕಾರಣಕ್ಕೆ ಇಡೀ ವಸ್ತು ಕಸವಾಗುತ್ತದೆ.

ಇದಕ್ಕೆ ಪ್ರತಿಯಾಗಿ 1984ರಲ್ಲಿ ಬಂದ ಕಾಸ್ ಸಂಸ್ಥೆಯ ಪೋರ್ಟಾ ಪ್ರೊ ಮಾದರಿ ಹೆಚ್ಚು ಬದಲಾವಣೆಯಿಲ್ಲದೆ ಇಂದಿಗೂ ತಯಾರಾಗುತ್ತಿದೆ. ಅದು ಅಂಥ ದುಬಾರಿಯೂ ಅಲ್ಲ. 1997ರ ಸೆನ್‌ಹೈಸರ್ ಹೆಚ್.ಡಿ. 600 ಮಾದರಿಯ ಮೆತ್ತೆ, ತಂತಿ ಮುಂತಾದುವನ್ನು ಮನೆಯಲ್ಲೇ ಬದಲಿಸಬಹುದು. ಒಂದು ವಸ್ತುವಿನ ಬೆಲೆಯನ್ನು ಅದು ಬಾಳುವ ವರ್ಷಗಳಿಂದ ಭಾಗಿಸಿದಾಗ ಬರುವ ಲೆಕ್ಕವೇ ಬೇರೆ. ಪ್ರತಿವರ್ಷ ಎಸೆಯುವ ಒಂದೂವರೆ ಸಾವಿರದ ಯಂತ್ರಕ್ಕಿಂತ ಹದಿನೈದು ವರ್ಷ ಬಾಳುವ ಹತ್ತು ಸಾವಿರದ ಯಂತ್ರ ಮಿತವ್ಯಯದ್ದು; ನೆಲಕ್ಕೂ ಹಗುರ. ಆದುದರಿಂದ ದುಬಾರಿಯೆಲ್ಲ ಅಪವ್ಯಯ, ಅಗ್ಗವೆಲ್ಲ ಸರಳ ಜೀವನ ಎಂಬ ಭಾವನೆಯೂ ಸರಿಯಲ್ಲ.

ಹೇಗೆ ನಿರ್ಧರಿಸಬೇಕು?

ಈ ಎಲ್ಲವನ್ನು ಕೂಡಿಸಿದರೆ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಒಂದು ಕ್ರಮ ದೊರೆಯುತ್ತದೆ. ಕೇಳುವಿಕೆ ಒಂದು ಸರಪಣಿ. ಹಾಡಿನ ಪ್ರತಿ, ಯಂತ್ರ, ಕಿವಿ, ಸುತ್ತಲ ವಾತಾವರಣ ಇವು ಅದರ ಕೊಂಡಿಗಳು. ಸರಪಣಿಯ ಬಲ ಅದರ ಅತಿ ದುರ್ಬಲ ಕೊಂಡಿಯಷ್ಟೇ. ಬಲವಾದ ಕೊಂಡಿಯನ್ನು ಚಿನ್ನದ್ದಾಗಿ ಮಾಡಿ ಫಲವಿಲ್ಲ.

ಮೊದಲಿಗೆ ಇರುವ ಹೆಡ್‌ಫೋನಿನ ಮೆತ್ತೆ ಹರಿದಿದೆಯೆ, ಕಿವಿಗೆ ಸರಿಯಾಗಿ ಕೂರುತ್ತದೆಯೆ ಎಂದು ನೋಡಬೇಕು. ಸಂದು ಬಿಟ್ಟರೆ ಮಂದ್ರ ಸ್ವರಗಳೆಲ್ಲ ಅಲ್ಲಿಂದಲೇ ಸೋರಿಹೋಗುತ್ತವೆ. ಹೊಸ ಮೆತ್ತೆ ಹಾಕಿದರೆ ಹಳೆಯ ಯಂತ್ರವೇ ಹೊಸದಾಗಬಹುದು. ಎರಡನೆಯದಾಗಿ ಹಾಡಿನ ಉತ್ತಮ ಪ್ರತಿಯನ್ನು ಸಂಪಾದಿಸಬೇಕು. ಮೂರನೆಯದಾಗಿ ಊರು ಅತಿ ಶಾಂತವಾಗಿರುವ ಹೊತ್ತನ್ನು ಗುರುತಿಸಿಕೊಂಡು ಆಗ ಕೇಳಿ ನೋಡಬೇಕು. ಅದೇ ಒಂದೂವರೆ ಸಾವಿರದ ಯಂತ್ರ ಬಸ್ಸಿನಲ್ಲಿ ಕೇಳಿಸದ್ದನ್ನು ಆ ಹೊತ್ತಿನಲ್ಲಿ ಕೇಳಿಸಿದರೆ, ಕೊರತೆ ಯಂತ್ರದ್ದಲ್ಲವೆಂದು ಖಚಿತವಾಗುತ್ತದೆ. ನಾಲ್ಕನೆಯದಾಗಿ, ಸಾಧ್ಯವಿದ್ದರೆ ದುಬಾರಿ ಯಂತ್ರವನ್ನು ಯಾರಿಂದಾದರೂ ಎರಡು ದಿನ ಎರವಲು ತಂದು ತನ್ನ ಮನೆಯಲ್ಲೇ, ತನ್ನ ಹಾಡನ್ನೇ ಕೇಳಬೇಕು. ಅಂಗಡಿಯ ಸದ್ದಿಲ್ಲದ ಕೋಣೆಯಲ್ಲಿ ಕೇಳಿದುದು ಊರಿನಲ್ಲಿ ಕೇಳಿಸೀತೆಂಬ ಭರವಸೆಯಿಲ್ಲ. ಎರಡರ ಧ್ವನಿಮಟ್ಟವೂ ಒಂದೇ ಇರುವಂತೆ ನೋಡಿಕೊಳ್ಳಬೇಕು, ಏಕೆಂದರೆ ತುಸು ಗಟ್ಟಿಯಾಗಿ ನುಡಿಯುವುದೇ ಕಿವಿಗೆ ಉತ್ತಮವೆನಿಸಿಬಿಡುತ್ತದೆ. ಇಷ್ಟಾದ ಮೇಲೂ ಅಂತರ ಕಂಡರೆ, ಹಣ ಸಾಲದ್ದಲ್ಲವಾದರೆ, ಬಿಡಿಭಾಗ ಸಿಗುವ ಮಾದರಿಯಾದರೆ, ಆಕೆ ಧಾರಾಳವಾಗಿ ಕೊಳ್ಳಲಿ. ಅದರಲ್ಲಿ ಪಾಪವೇನೂ ಇಲ್ಲ.

ಉತ್ತಮ ಯಂತ್ರವೇ ಬೇಕಾಗುವ ಸಂದರ್ಭಗಳೂ ಇವೆ. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಪಶ್ಚಿಮಘಟ್ಟದ ಕತ್ತಲೆಕಾನಿನ ಹೊಳೆಗಳಿಂದ ‘ಕುಂಬಾರ ಕಪ್ಪೆ’ಯನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದರು. ಮೊಟ್ಟೆಗಳಿಗೆ ಕೆಸರು ಮೆತ್ತುವ ಅದರ ನಡತೆಯೇ ಅದಕ್ಕೆ ಆ ಹೆಸರು ತಂದಿತು. ಇಂಥ ಇರುಳುಗಪ್ಪೆಗಳನ್ನು ಒಂದರಿಂದೊಂದು ಬೇರ್ಪಡಿಸಿ ಗುರುತಿಸುವಲ್ಲಿ ಅವುಗಳ ಕೂಗು ಮುಖ್ಯ ಆಧಾರ. ಕೂಗನ್ನು ಮುದ್ರಿಸುವ ವಿದ್ಯಾರ್ಥಿಗೆ ನಂಬಬಹುದಾದ ಹೆಡ್‌ಫೋನ್ ಒಂದು ಉಪಕರಣವೇ ಹೊರತು ಷೋಕಿಯಲ್ಲ. ಸೇಡಂ ಸೀಮೆಯ ತತ್ವಪದಕಾರರ ಹಾಡನ್ನು ಮುದ್ರಿಸಿಡಲು ಹೊರಟವರಿಗೂ ಅಷ್ಟೆ. ಆದರೆ ಅಂಥವರು ಇಪ್ಪತ್ತೈದು ಸಾವಿರವನ್ನೂ ಹೆಡ್‌ಫೋನಿಗೇ ಸುರಿಯದೆ ಅದರ ದೊಡ್ಡ ಪಾಲನ್ನು ಒಳ್ಳೆಯ ಮೈಕಿಗೆ, ಮುದ್ರಣಯಂತ್ರಕ್ಕೆ ಇಡುವುದು ವಿವೇಕ. ಕೇಳತಕ್ಕ ಧ್ವನಿ ಉಳಿದರೆ ತಾನೆ ಕೇಳುವ ಯಂತ್ರಕ್ಕೆ ಕೆಲಸ.

ಊರಿನ ಪಾಲಿನ ಕೆಲಸ

ಸರಪಣಿಯ ಕೊಂಡಿಗಳಲ್ಲಿ ಮೂರನ್ನು ಆಕೆ ಒಬ್ಬಳೇ ಸರಿಪಡಿಸಿಕೊಳ್ಳಬಹುದು. ನಾಲ್ಕನೆಯದಾದ ವಾತಾವರಣ ಒಬ್ಬರ ಕೈಯಲ್ಲಿಲ್ಲ. ಅಲ್ಲಿಗೆ ಹೆಡ್‌ಫೋನಿನ ಪ್ರಶ್ನೆ ಮುಗಿದು ಊರಿನ ಪ್ರಶ್ನೆ ಆರಂಭವಾಗುತ್ತದೆ.

ಶಬ್ದಮಾಲಿನ್ಯ (ನಿಯಂತ್ರಣ) ನಿಯಮಗಳು ಭಾರತದಲ್ಲಿ 2000ದಿಂದ ಜಾರಿಯಲ್ಲಿವೆ. ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಕೈಗಾರಿಕಾ ಪ್ರದೇಶದಲ್ಲಿ ಕ್ರಮವಾಗಿ 75 ಮತ್ತು 70. ಆಸ್ಪತ್ರೆ, ಶಾಲೆಗಳ ಸುತ್ತಲ ಶಾಂತಿವಲಯದಲ್ಲಿ 50 ಮತ್ತು 40. ಮಿತಿಗಿಂತ 10 ಡೆಸಿಬೆಲ್ ಅಥವಾ ಹೆಚ್ಚು ಮೀರಿದರೆ ಯಾವ ವ್ಯಕ್ತಿಯಾದರೂ ಪ್ರಾಧಿಕಾರಕ್ಕೆ ದೂರು ಸಲ್ಲಿಸಬಹುದು. ದೊಡ್ಡ ಗಣಿ, ಕಾರ್ಖಾನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಸಾರ್ವಜನಿಕ ಆಲಿಕೆ ನಡೆಯುವಾಗ ವರದಿಯಲ್ಲಿ ಊರಿನ ಶಬ್ದದ ಅಳತೆಯೂ ಇರುತ್ತದೆ. ಧೂಳು, ನೀರು, ನೌಕರಿಯ ಪುಟಗಳನ್ನು ಓದುವವರು ಶಬ್ದದ ಪುಟವನ್ನು ಮಗುಚಿ ಮುಂದೆ ಹೋಗುವುದುಂಟು. ವಿದ್ಯಾರ್ಥಿಗಳು ಆ ಪುಟವನ್ನು ಓದಬೇಕು, ಅಳತೆ ಎಲ್ಲಿ, ಯಾವ ಹೊತ್ತಿನಲ್ಲಿ ಆಯಿತೆಂದು ಕೇಳಬೇಕು. ಮೊಬೈಲಿನಲ್ಲಿ ಅಳೆದ ಡೆಸಿಬೆಲ್ ಕಾನೂನಿನ ಸಾಕ್ಷ್ಯವಾಗದಿದ್ದರೂ ಒಂದು ತಿಂಗಳು ಹಗಲು ರಾತ್ರಿ ಬರೆದಿಟ್ಟ ಪಟ್ಟಿ ಗ್ರಾಮಸಭೆಯಲ್ಲಿ ಮಾತಿಗೆ ಬಲ ಕೊಡುತ್ತದೆ. ರಾತ್ರಿ ಲಾರಿಗಳಿಗೆ ಊರ ಹೊರಗಿನ ದಾರಿ, ಸ್ಫೋಟಕ್ಕೆ ಹಗಲಿನ ನಿಗದಿತ ಹೊತ್ತು, ಗಾಳಿಯಂತ್ರಗಳಿಗೆ ಸದ್ದಡಗಿಸುವ ಸಾಧನ, ಗಣಿಯಂಚಿಗೆ ದಟ್ಟ ಮರಗಳ ಏರಿ ಇವು ಅಸಾಧ್ಯವಾದ ಬೇಡಿಕೆಗಳಲ್ಲ.

ಮಲೆನಾಡಿನವರಿಗೂ ಇದರಲ್ಲಿ ಪಾಲಿದೆ. ಗುಡ್ಡದ ನಿಶ್ಶಬ್ದವನ್ನು ಪ್ರವಾಸಿಗರಿಗೆ ಮಾರಲು ಕಟ್ಟುವ ಅತಿಥಿಗೃಹದ ಸಿಮೆಂಟು ಇನ್ನೊಂದು ಊರಿನ ನಿಶ್ಶಬ್ದವನ್ನು ಕರಗಿಸಿ ಬಂದದ್ದಾಗಿರಬಹುದು. ಕಲ್ಲು, ಮಣ್ಣು, ಮರಗಳಿಂದ ಆಗುವ ಕಡೆ ಸಿಮೆಂಟನ್ನು ಮಿತಗೊಳಿಸುವುದು ದೂರದ ಕಿವಿಗೆ ಮಾಡುವ ಉಪಕಾರ. ಗುಡ್ಡದ ತಪ್ಪಲಿಗೂ ಜಲ್ಲಿಯಂತ್ರ ಬಂದಿದೆ, ವಿಶ್ರಾಂತಿಧಾಮಗಳ ಧ್ವನಿವರ್ಧಕ ಕಾಡಿನಂಚಿನಲ್ಲಿ ಮೊಳಗುತ್ತಿದೆ. ಇಂದು ಅದನ್ನು ತಡೆಯದಿದ್ದರೆ ನಾಳೆ ಇಲ್ಲಿಯ ಮಕ್ಕಳೂ ಜೀರುಂಡೆಯ ದನಿಯನ್ನು ಕೇಳಲು ಯಾವ ಹೆಡ್‌ಫೋನ್ ಕೊಳ್ಳಬೇಕೆಂದು ಅಂಗಡಿಯಲ್ಲಿ ವಿಚಾರಿಸಬೇಕಾದೀತು.

ದುಬಾರಿ ಹೆಡ್‌ಫೋನ್ ಕೊಳ್ಳುವುದು ಬಿಡುವುದು ಅವರವರ ಕಿಸೆಗೆ, ಅಭಿರುಚಿಗೆ ಬಿಟ್ಟ ವಿಷಯ. ನಿಶ್ಶಬ್ದ ಹಾಗಲ್ಲ. ಅದು ಕೆರೆಯ ನೀರಿನಂತೆ, ಗೋಮಾಳದಂತೆ ಊರಿಗೆಲ್ಲ ಸೇರಿದ ಆಸ್ತಿ. ಇರುಳು 45 ಡೆಸಿಬೆಲ್ಲಿಗೆ ಇಳಿದ ಊರಿನಲ್ಲಿ ಒಂದೂವರೆ ಸಾವಿರದ ಯಂತ್ರವೂ ಮನ್ಸೂರರ ಗಾಯನಕ್ಕೆ ಸಾಕಾಗುತ್ತದೆ. ಯಂತ್ರವೇ ಇಲ್ಲದ ಅಜ್ಜಿಗೂ ಅಲ್ಲಿ ನಿದ್ದೆ ಬರುತ್ತದೆ.